ಉಳಿ ಕೊಳ್ಳೋ ಮುಂಚೆ

ನಾಲ್ಕೈದು ತಿಂಗಳಿಂದ ಇಲ್ಲಿ ಏನೂ ಬರೆದಿರಲಿಲ್ಲ. ಆಫೀಸಿನಲ್ಲಿ ಕೆಲಸ ಜಾಸ್ತಿ ಅಂತ ಎಂದಿನ ನೆಪ ಹೇಳಬಹುದಿತ್ತು. ನಿಜ ಏನಂದ್ರೆ ಸಂಜೆ ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಬೆರಳುಗಳು ಕೀಬೋರ್ಡಿನ ಕಡೆ ಹೋಗೋದನ್ನೇ ಬಿಟ್ಟಿವೆ. ಮರಗೆಲಸ ಕಲೀತಿದ್ದೀನಿ. ನಗಬೇಡಿ... ಬಾಡಿಗೆ ಮನೆಯ ಟೆರೇಸಿನ ಮೇಲೆ, ನೀರಿನ ಟ್ಯಾಂಕಿನ ನೆರಳಲ್ಲಿ, ಮೂರು ಉಳಿ, ಒಂದು ಗರಗಸ ಇಟ್ಟುಕೊಂಡು.

ವಿಷಯ ಗೊತ್ತಾದ ಗೆಳೆಯರು ಕೇಳಿದ್ದು ಒಂದೇ ಪ್ರಶ್ನೆ. "ನನಗೂ ಆಸೆ ಇದೆ ಮಾರಾಯ, ಏನೇನು ತಗೋಬೇಕು? ಎಷ್ಟಾಗತ್ತೆ?" ಪ್ರತಿಯೊಬ್ಬರಿಗೂ ಫೋನಿನಲ್ಲಿ ಅರ್ಧ ಗಂಟೆ ಕೊರೆಯೋ ಬದಲು ಇಲ್ಲೇ ಒಂದು ಸಲ ಬರೆದುಬಿಟ್ಟರೆ ಲಿಂಕ್ ಕಳಿಸಿದರಾಯ್ತು ಅನ್ನಿಸಿತು. ಆಸಕ್ತಿ ಇಲ್ಲದವರು ಮಧ್ಯದಲ್ಲಿ ಬರೋ ಬಡಿಗೇರ ಅಜ್ಜನ ಮಾತಿಗಾದರೂ ಓದಿ.

ಕರೆಂಟಿನ ಮಿಷಿನ್ ಯಾಕಲ್ಲ ಅಂತ ಮೊದಲೇ ಹೇಳಿಬಿಡ್ತೀನಿ. ನಾನು ಬಿಡುವಾಗೋದು ರಾತ್ರಿ ಎಂಟರ ಮೇಲೆ. ಆ ಹೊತ್ತಿನಲ್ಲಿ ಕಟರ್ ಹಚ್ಚಿದರೆ ಓನರ್ ಆಂಟಿ ಅಡ್ವಾನ್ಸ್ ವಾಪಸ್ ಕೊಟ್ಟು ಕಳಿಸ್ತಾರೆ. ಉಳಿಯ ಟಕ್ ಟಕ್ ಸದ್ದನ್ನ ಅವರು ಒಗ್ಗರಣೆ ಕುಟ್ಟೋ ಸದ್ದು ಅಂದುಕೊಂಡಿದ್ದಾರೆ, ಹಾಗೇ ಇರಲಿ. ಇನ್ನೊಂದು ಕಾರಣ, ಅಗ್ಗದ ಮಿಷಿನ್ ಹಾಳಾದರೆ ಎಸೀಬೇಕು. ಅಗ್ಗದ ಉಳಿಯನ್ನ ರಿಪೇರಿ ಮಾಡಬಹುದು. ಎಲ್ಲಾ ಅಗ್ಗದ ಉಳಿಯನ್ನೂ ಅಲ್ಲ, ಅದೇ ಈ ಬರಹದ ವಿಷಯ.

ಯೂಟ್ಯೂಬ್ ತೆರೆದರೆ ಎರಡು ಪಂಗಡ ಕಾಣತ್ತೆ. ಒಂದು ಪಂಗಡದವರ ಹಿಂದಿನ ಗೋಡೆಯ ಮೇಲೆ ಅಮೆರಿಕದ ಲೀ-ನೀಲ್ಸನ್ ಕಂಪನಿಯ ಹತ್ತರಿಗಳು ಸಾಲಾಗಿ ನಿಂತಿರ್ತವೆ. ಒಂದೊಂದೂ ಮುನ್ನೂರು ಡಾಲರಿನ ಮೇಲೆ. ಒಳ್ಳೇ ಸಾಮಾನೇ, ಸಂಶಯ ಬೇಡ. ಆದರೆ ಉಳಿ ಹಿಡಿಯೋಕೆ ಬರುತ್ತೋ ಇಲ್ಲವೋ ಅಂತಲೇ ಗೊತ್ತಿಲ್ಲದವನು ತಿಂಗಳ ಬಾಡಿಗೆಗಿಂತ ಜಾಸ್ತಿ ದುಡ್ಡನ್ನ ಒಂದು ಹತ್ತರಿಗೆ ಸುರಿಯೋದು ಈಜು ಕಲಿಯೋಕೆ ಮುಂಚೆ ದೋಣಿ ಕೊಂಡ ಹಾಗೆ. ಇನ್ನೊಂದು ಪಂಗಡಕ್ಕೆ ಗುರು ಅಂದರೆ ಇಂಗ್ಲೆಂಡಿನ ಪಾಲ್ ಸೆಲ್ಲರ್ಸ್. ಆಲ್ಡಿ ಅನ್ನೋ ಸೂಪರ್‌ಮಾರ್ಕೆಟ್ಟಿನಲ್ಲಿ (ಅಲ್ಲಿನ ಡಿಮಾರ್ಟ್ ಅಂದುಕೊಳ್ಳಿ) ಸಿಗೋ ಅಗ್ಗದ ಉಳಿಗಳನ್ನ ಮಸೆದು, ವರ್ಷಗಟ್ಟಲೆ ಅದರಲ್ಲೇ ಕೆಲಸ ಮಾಡಿ ತೋರಿಸಿದ ಮನುಷ್ಯ. ನನ್ನ ವೋಟು ಅವರಿಗೆ. ಆದರೂ ನನಗೆ ನಿಜವಾಗಿ ದಾರಿ ತೋರಿಸಿದ್ದು ಇಂಗ್ಲೆಂಡ್ ಅಲ್ಲ, ಹೊಳಲು.

ಹೊಳಲು ನಮ್ಮೂರು. ಹೂವಿನಹಡಗಲಿ ತಾಲ್ಲೂಕು. ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು, 2021ರಿಂದ ವಿಜಯನಗರ ಜಿಲ್ಲೆ. ಯಾರಾದರೂ ಎಲ್ಲಿ ಬರತ್ತೆ ಅಂತ ಕೇಳಿದರೆ ಮಲಗಿದ ಅನಂತಶಯನನ ದೊಡ್ಡ ಮೂರ್ತಿ ಇರೋ ಊರು ಅಂತೀನಿ. ಅದಕ್ಕೂ ಗೊತ್ತಾಗದಿದ್ದರೆ ಮೈಲಾರದ ಕಾರ್ಣಿಕದ ಕಡೆ ಅಂತೀನಿ, ಅದು ಎಲ್ಲರಿಗೂ ಗೊತ್ತು. ಹೊಸಪೇಟೆ ಹತ್ತಿರದ ಅನಂತಶಯನಗುಡಿಗೆ ಅಂತ ಮಾಡಿದ ಮೂರ್ತಿ ಅಲ್ಲಿಗೆ ಹೋಗದೆ ನಮ್ಮೂರಲ್ಲೇ ಉಳೀತು ಅಂತ ಊರಲ್ಲಿ ಹೇಳ್ತಾರೆ. ಉಳಿಯಿಂದ ಆದದ್ದು ಉಳೀತು, ಇರಲಿ, ಕೆಟ್ಟ ಶ್ಲೇಷೆಗೆ ಕ್ಷಮೆ ಇರಲಿ :)

ನಮ್ಮ ಓಣಿಯ ಕೊನೆಗೆ ಬಡಿಗೇರ ಅಜ್ಜನ ಮನೆ. ಹೆಸರು ಬೇಡ, ಅವರಿಗೆ ಇಷ್ಟ ಆಗಲಿಕ್ಕಿಲ್ಲ. ನಾನು ಚಿಕ್ಕವನಿದ್ದಾಗ ಅವರ ಕಟ್ಟೆಯ ಮುಂದೆ ಸದಾ ಒಂದು ಕೂರಿಗೆನೋ ಕುಂಟೆನೋ ಬಿದ್ದಿರ್ತಿತ್ತು. ಬಂಡಿಯ ಗಾಲಿ, ನೇಗಿಲು, ಮನೆ ಬಾಗಿಲು, ತೊಟ್ಟಿಲು, ಕೊನೆಗೆ ಚಟ್ಟದ ಬಿದಿರು ಕಟ್ಟೋದಕ್ಕೂ ಅವರನ್ನೇ ಕರೀತಿದ್ದರು. ವರ್ಷಕ್ಕೊಮ್ಮೆ ಸುಗ್ಗಿಯಲ್ಲಿ ರೈತರು ಜೋಳದ ರೂಪದಲ್ಲಿ ಆಯ ಕೊಡ್ತಿದ್ದರು. ಟ್ರ್ಯಾಕ್ಟರ್ ಬಂತು, ಕೂರಿಗೆ ಕಬ್ಬಿಣದ್ದಾಯಿತು, ಬಂಡಿಗೆ ಟೈರ್ ಬಂತು, ಬಾಗಿಲು ರೆಡಿಮೇಡ್ ಆಯಿತು. ಆಯ ಯಾವಾಗ ನಿಂತಿತು ಅಂತ ಅವರಿಗೂ ಸರಿಯಾಗಿ ನೆನಪಿಲ್ಲ. ದೊಡ್ಡ ಮಗ ಹುಬ್ಬಳ್ಳಿಯಲ್ಲಿ ಪ್ಲೈವುಡ್ ಕಪಾಟು ಕೂರಿಸ್ತಾನೆ, ಅವನ ಸಾಮಾನೆಲ್ಲ ಕರೆಂಟಿಂದು. ಚಿಕ್ಕವನು ಬಸ್ ಕಂಡಕ್ಟರ್.

ಹೋದ ಸಲ ಊರಿಗೆ ಹೋದಾಗ ಅಜ್ಜನ ಪೆಟ್ಟಿಗೆ ಪಡಸಾಲೆಗೆ ಬಂದು ಕೂತಿತ್ತು. ಗುಜರಿಯವನು ಬಂದು ನೋಡಿ ಹೋಗಿದ್ದನಂತೆ. ಹಳೇ ಕಬ್ಬಿಣ ಕೆಜಿಗೆ ಮೂವತ್ತು ಮೂವತ್ತೈದು. ಪೆಟ್ಟಿಗೆಯಲ್ಲಿನ ಕಬ್ಬಿಣವೆಲ್ಲ ಸೇರಿ ಹನ್ನೆರಡು ಕೆಜಿ ಆಗಬಹುದು, ಅಂದರೆ ಎಲ್ಲಾ ಸೇರಿ ನಾನೂರು ರೂಪಾಯಿ. ಹಿಡಿಕೆಯ ಕಟ್ಟಿಗೆ ಒಲೆಗೆ.

ನಾನು ಪೆಟ್ಟಿಗೆ ಮುಂದೆ ಕೂತು ಒಂದೊಂದೇ ತೆಗೆದು ನೋಡಿದೆ. ಉಳಿ ಒಟ್ಟು ಏಳಿದ್ದವು. ಬಾಚಿ, ಎರಡು ಹತ್ತರಿ, ಮೂರು ಗರಗಸ, ಹಗ್ಗ ಎಳೆದು ತಿರುಗಿಸೋ ಬೈರಿಗೆ, ಮೂಲೆಮಟ್ಟ, ಅರ, ನಡುವೆ ತಗ್ಗಾದ ಮಸೆಗಲ್ಲು. ಏಳು ಉಳಿಗಳಲ್ಲಿ ಮೂರರ ಹಿಡಿಕೆ ಮಾತ್ರ ಎಣ್ಣೆ ಹಚ್ಚಿದ ಹಾಗೆ ಮಿಂಚ್ತಿತ್ತು. ಉಳಿದ ನಾಲ್ಕು ಮಂಕು. ಐವತ್ತು ವರ್ಷ ಇದರಲ್ಲೇ ಅನ್ನ ತಿಂದ ಮನುಷ್ಯನ ಕೈ ಹೆಚ್ಚಾಗಿ ಹೋಗಿದ್ದು ಮೂರು ಉಳಿಗೆ! ಅಗಲ ಅಳೆದುಕೊಂಡೆ. ಕಾಲಿಂಚು, ಅರ್ಧ ಇಂಚು, ಒಂದಿಂಚು. ನನಗೆ ಶಾಪಿಂಗ್ ಲಿಸ್ಟ್ ಸಿಕ್ಕಿದ್ದು ಅಲ್ಲಿ.

"ಅಜ್ಜಾರ, ಗುಜರಿಯವ್ನಿಗೆ ಬ್ಯಾಡ್ರಿ, ನನಗ ಕೊಡ್ರಿ. ಅವನಿಗಿಂತ ಜಾಸ್ತಿ ಕೊಡ್ತೀನಿ" ಅಂದೆ.

"ಯಾಕ, ಬೆಂಗಳೂರಾಗ ಶೋಕೇಸಿನ್ಯಾಗ ಇಡಾಕೇನು? ಹಂಗಾದ್ರ ಗುಜರಿಯವ್ನೇ ಪಾಡು ತಮ್ಮಾ, ಕರಗಿಸಿ ಮತ್ತೇನರ ಮಾಡ್ತಾನ" ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಮೊದಲ ನಿನ್ನ ಸಾಮಾನು ತಗಂಡು ಒಂದು ಮಣಿ ಮಾಡಕಂಡು ಬಾ. ಆಮ್ಯಾಲ ನೋಡೂಣು. ಅಲ್ಲೀತನಕ ಗುಜರಿಯವ್ನಿಗೆ ಕೊಡಂಗಿಲ್ಲ."

ಮಣೆಗೆ ಕಾರಣವೂ ಸಿದ್ಧ ಇತ್ತು. ನಮ್ಮ ಅಜ್ಜಿಗೆ ಮೊಣಕಾಲು ನೋವು, ನೆಲದ ಮೇಲೆ ಕೂರಬೇಡಿ ಅಂತ ಡಾಕ್ಟರ್ ಹೇಳಿದ್ದಾರೆ. ಆದರೆ ರೊಟ್ಟಿ ಬಡಿಯೋದು ನೆಲದ ಮೇಲೇ, ನಿಂತು ಬಡಿದರೆ ರೊಟ್ಟಿಯೇ ಅಲ್ಲ ಅನ್ನೋದು ಅವಳ ವಾದ. ಪ್ಲಾಸ್ಟಿಕ್ ಸ್ಟೂಲ್ ತಂದರೆ ಎತ್ತರ ಹೆಚ್ಚು, ಕೈ ಕೊಣಮಿಗೆಗೆ ಎಟುಕಲ್ಲ. ಮಾಮೂಲಿ ಮಣೆ ತೀರಾ ತಗ್ಗು. ಅವಳಿಗೆ ಬೇಕಾಗಿದ್ದು ಏಳೂವರೆ ಇಂಚು. ಆ ಎತ್ತರದ್ದು ಯಾವ ಅಂಗಡಿಯಲ್ಲೂ ಇಲ್ಲ. ಹೀಗಾಗಿ ಒಂದು ಮಣೆಯ ಮೇಲೆ ಎರಡು ವಿಷಯ ನಿಂತುಬಿಟ್ಟವು, ಅಜ್ಜಿಯ ರೊಟ್ಟಿ ಮತ್ತು ಅಜ್ಜನ ಪೆಟ್ಟಿಗೆ.

ಈಗ ಸಾಮಾನಿನ ವಿಷಯಕ್ಕೆ ಬರ್ತೀನಿ. ಜನ ಅತಿ ಹೆಚ್ಚು ದುಡ್ಡು ಕಳೆಯೋದು ಉಳಿಯಲ್ಲಿ, ಅದಕ್ಕೇ ಅದು ಮೊದಲು.

ನನ್ನ ರೂಮ್‌ಮೇಟ್ ಹಿಂದೊಮ್ಮೆ ಉತ್ಸಾಹದಲ್ಲಿ ಹನ್ನೆರಡು ಉಳಿಗಳ ಸೆಟ್ ತರಿಸಿದ್ದ. ಆರುನೂರು ಚಿಲ್ಲರೆ ರೂಪಾಯಿ. ಕಂಪನಿ ಹೆಸರು ಬೇಡ. ಮರದ ಡಬ್ಬಿ, ಒಳಗೆ ಕೆಂಪು ಬಟ್ಟೆ, ನೋಡೋಕೆ ಮದುವೆ ಒಡವೆ ಥರ. ಬೇವಿನ ತುಂಡಿಗೆ ನಾಲ್ಕು ಪೆಟ್ಟು ಹಾಕಿದ್ದೇ ತಡ, ಅಂಚು ಮಡಚಿಕೊಂಡಿತು. ಮಸೆದ. ಮತ್ತೆ ಮಡಚಿಕೊಂಡಿತು. ಇಲ್ಲಿ ಆಗಿದ್ದೇನು ಅಂದರೆ, ಉಕ್ಕಿಗೆ ಹದ ಹಾಕಿರಲಿಲ್ಲ, ಅಥವಾ ಹೆಸರಿಗೆ ಹಾಕಿದ್ದರು. ಉಕ್ಕನ್ನ ಕೆಂಪಗೆ ಕಾಯಿಸಿ ತಟ್ಟನೆ ಎಣ್ಣೆಯಲ್ಲೋ ನೀರಲ್ಲೋ ಅದ್ದಿದರೆ ಗಾಜಿನ ಹಾಗೆ ಗಟ್ಟಿ ಆಗತ್ತೆ, ಆದರೆ ಪಟ್ ಅಂತ ಮುರಿಯತ್ತೆ. ಆಮೇಲೆ ಇನ್ನೊಮ್ಮೆ ಹಗುರಾಗಿ ಕಾಯಿಸಿ ಆ ಗಟ್ಟಿತನವನ್ನ ಸ್ವಲ್ಪ ಇಳಿಸಬೇಕು. ಒಳ್ಳೇ ಉಳಿಯ ಗಡಸುತನ ರಾಕ್‌ವೆಲ್ ಮಾಪಕದಲ್ಲಿ ಸುಮಾರು 58ರಿಂದ 61. ಹಿಡಿಕೆಯ ಮೇಲೆ ಕ್ರೋಮ್ ವೆನೇಡಿಯಂ ಅಂತ ಬರೆದಿದ್ದರೆ ಅದು ಉಕ್ಕಿನ ಜಾತಿ ಅಷ್ಟೇ, ಹದದ ಗ್ಯಾರಂಟಿ ಅಲ್ಲ. ಒಳ್ಳೇ ಅಕ್ಕಿ ಕೊಂಡರೆ ಅನ್ನ ಚೆನ್ನಾಗೇ ಆಗತ್ತೆ ಅಂತ ಏನಿಲ್ಲವಲ್ಲ.

ಹದ ಇದೆಯೋ ಇಲ್ಲವೋ ಅಂತ ನೋಡೋಕೆ ಲ್ಯಾಬ್ ಬೇಡ. ಒಂದು ಹೊಸ ಅರ ಸಾಕು. ಉಳಿಯ ಅಂಚಿನ ಹತ್ತಿರ, ಬದಿಯಲ್ಲಿ, ಅರವನ್ನ ಮೆಲ್ಲಗೆ ಎಳೆಯಿರಿ. ಗಾಜಿನ ಮೇಲೆ ಜಾರಿದ ಹಾಗೆ ಜಾರಿದರೆ ಉಕ್ಕು ಗಟ್ಟಿ ಇದೆ. ಕಚ್ಚಿಕೊಂಡು ಪುಡಿ ಉದುರಿಸಿದರೆ ಮೆತ್ತಗಿದೆ, ವಾಪಸ್ ಇಡಿ. ಮೊದಲ ವರ್ಷದ ಇಂಜಿನಿಯರಿಂಗ್ ವರ್ಕ್‌ಶಾಪಿನಲ್ಲಿ ಕಬ್ಬಿಣದ ತುಂಡು ಉಜ್ಜಿ ಉಜ್ಜಿ ಬೈದುಕೊಂಡವರು ನಾವೆಲ್ಲ. ನಾಲ್ಕು ವರ್ಷದಲ್ಲಿ ಕಲಿತಿದ್ದರಲ್ಲಿ ಟೆರೇಸಿನ ಮೇಲೆ ಉಪಯೋಗಕ್ಕೆ ಬಂದಿದ್ದು ಅದೊಂದೇ! ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಯವರು ಕೇಳಿದರೆ ಅರ ತಾಗಿಸೋಕೆ ಬಿಟ್ಟರು, ಮುಖ ಮಾತ್ರ ಗಂಟು ಹಾಕಿಕೊಂಡರು. ಆನ್‌ಲೈನಿನಲ್ಲಿ ಈ ಸೌಲಭ್ಯ ಇಲ್ಲ. ಆದ್ದರಿಂದ ಉಳಿಯನ್ನ ಅಂಗಡಿಗೆ ಹೋಗಿ, ಬಿಡಿಯಾಗಿ ಕೊಳ್ಳಿ. ಸೆಟ್ ಬೇಡವೇ ಬೇಡ.

ಇನ್ನೊಂದು ನೋಡೋದು ಉಳಿಯ ಬೆನ್ನು, ಅಂದರೆ ಇಳಿಜಾರಿಲ್ಲದ ಚಪ್ಪಟೆ ಮುಖ. ಅದರ ಮೇಲೆ ಸ್ಟೀಲ್ ಸ್ಕೇಲನ್ನ ನಿಲ್ಲಿಸಿ ಬೆಳಕಿಗೆ ಹಿಡಿಯಿರಿ. ನಡುವೆ ಸ್ವಲ್ಪ ತಗ್ಗಿದ್ದರೆ ಪರವಾಗಿಲ್ಲ, ಉಜ್ಜಿದರೆ ಸರಿ ಹೋಗತ್ತೆ. ನಡುವೆ ಉಬ್ಬಿದ್ದರೆ ಕೈ ಸೋಲತ್ತೆ, ಉಜ್ಜಿದಷ್ಟೂ ತೊಟ್ಟಿಲ ಹಾಗೆ ತೂಗತ್ತೆ. ಇವೆರಡು ಪರೀಕ್ಷೆ ಪಾಸಾದ ಮೇಲೆ ಬ್ರ್ಯಾಂಡ್ ಯಾವುದಾದರೇನು. ನಾನು ಅರ್ಧ ಇಂಚು ಮತ್ತು ಒಂದಿಂಚಿನವನ್ನ ಸ್ಟಾನ್ಲಿಯದೇ ತಗೊಂಡೆ, ಎರಡೂ ಸೇರಿ 560 ರೂಪಾಯಿ.

ಕಾಲಿಂಚಿನದು ಮಾತ್ರ ಹಡಗಲಿ ಕಡೆಯ ಒಂದು ಕುಲುಮೆಯಲ್ಲಿ ಮಾಡಿಸಿದ್ದು. ಲಾರಿಯ ಕಮಾನು ಪಟ್ಟಿ ಇದೆಯಲ್ಲ, ಅದು ಒಳ್ಳೇ ಸ್ಪ್ರಿಂಗ್ ಉಕ್ಕು, ಹಳ್ಳಿಯ ಕುಡಗೋಲು ಕೊಡಲಿಗಳೆಲ್ಲ ಬಹಳಷ್ಟು ಅದರಿಂದಲೇ. ಕಮ್ಮಾರರು ಬಡಿದು ಉದ್ದ ಮಾಡಿ, ಕಾಯಿಸಿ, ಎಣ್ಣೆಗೆ ಅದ್ದಿ, ತುದಿಯನ್ನ ಸ್ವಲ್ಪ ಉಜ್ಜಿ ಬೆಳ್ಳಗೆ ಮಾಡಿ, ಮತ್ತೆ ಬೆಂಕಿಯ ಹತ್ತಿರ ಹಿಡಿದರು. ಆ ಬೆಳ್ಳನೆ ಉಕ್ಕಿನ ಮೇಲೆ ಬಣ್ಣ ಹರಿಯೋದನ್ನ ನೋಡೋದೇ ಒಂದು ಸೊಗಸು. ಮೊದಲು ಒಣಹುಲ್ಲಿನ ತಿಳಿ ಹಳದಿ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ. ಹಳದಿ ಬಂದಾಗ ಸುಮಾರು 230 ಡಿಗ್ರಿ, ನೀಲಿ ಬಂದಾಗ 300ರ ಹತ್ತಿರ. ಅವರ ಹತ್ತಿರ ಥರ್ಮಾಮೀಟರ್ ಇಲ್ಲ, ಹಳದಿ ಕಂಡ ಕೂಡಲೇ ನೀರಿಗೆ. 150 ರೂಪಾಯಿ, ಹಿಡಿಕೆ ನಾವೇ ಹಾಕಿಕೊಳ್ಳಬೇಕು. ಈ ಬಣ್ಣದ ವಿದ್ಯೆ ಇನ್ನೊಂದು ಕಡೆ ಬೇಕಾಗತ್ತೆ. ಉಳಿಯನ್ನ ಗ್ರೈಂಡರಿಗೆ ಹಿಡಿದು ಚೂಪು ಮಾಡಿಸಿಕೊಂಡಾಗ ತುದಿ ನೀಲಿಯಾಗಿದ್ದರೆ ಹದ ಹೋಯಿತು ಅಂತಲೇ ಅರ್ಥ. ಆ ನೀಲಿ ಭಾಗವನ್ನ ಪೂರ್ತಿ ಸವೆಸಿ ತೆಗೆಯೋ ತನಕ ಅದು ಉಳಿಯಲ್ಲ, ಬಣ್ಣದ ಡಬ್ಬಿ ಮುಚ್ಚಳ ತೆಗೆಯೋ ಸಲಾಕೆ.

ಈಗ ಮುಖ್ಯವಾದದ್ದು. ಹೊಸ ಉಳಿ ಹರಿತ ಇರಲ್ಲ. ಎಷ್ಟೇ ದುಡ್ಡು ಕೊಟ್ಟಿರಿ, ಬಹುತೇಕ ಉಳಿಗಳನ್ನ ಮಸೆದೇ ಬಳಸಬೇಕು. ನೂರಕ್ಕೆ ಅರವತ್ತು ಜನ ಮರಗೆಲಸ ಬಿಡೋದು ಇಲ್ಲೇ ಅಂತ ನನ್ನ ಅಂದಾಜು (ಲೆಕ್ಕ ನನ್ನದೇ, ಯಾವ ಸರ್ವೇನೂ ಅಲ್ಲ). ಮೊಂಡ ಉಳಿಗೆ ಜೋರಾಗಿ ಹೊಡೀತಾರೆ, ಕಟ್ಟಿಗೆ ಸೀಳತ್ತೆ, ಇದು ನನ್ನ ಕೈಲಾಗಲ್ಲ ಅಂತಾರೆ. ಆದ್ದರಿಂದ ನಿಮ್ಮ ಹತ್ತಿರ ಸಾವಿರ ರೂಪಾಯಿ ಮಾತ್ರ ಇದ್ದರೆ ಒಂದೇ ಉಳಿ ಕೊಂಡು ಉಳಿದದ್ದನ್ನ ಮಸೆಯೋ ಸಾಮಾನಿಗೆ ಹಾಕಿ. ಕಾರ್ಬೊರಂಡಮ್ ಕಂಪನಿಯ, ಒಂದು ಮುಖ ಒರಟು ಒಂದು ಮುಖ ನಯ ಇರೋ ಎಣ್ಣೆ ಕಲ್ಲು ಎಲ್ಲಾ ಊರಲ್ಲೂ ಸಿಗತ್ತೆ, ನನಗೆ 320 ಬಿತ್ತು. ಅದಕ್ಕಿಂತ ನಯ ಬೇಕಾದರೆ ಪೇಂಟಿನ ಅಂಗಡಿಯ ವಾಟರ್ ಪೇಪರ್, 400, 800, 1200, 2000 ನಂಬರಿನವು. ಅದನ್ನ ಅಂಟಿಸೋಕೆ ಸಪಾಟಾದ ಹಾಸು ಬೇಕು. ಅಡುಗೆಮನೆ ಕಟ್ಟೆಗೆ ಗ್ರಾನೈಟ್ ಕತ್ತರಿಸೋ ಅಂಗಡಿಯ ಹಿಂದೆ ತುಂಡುಗಳು ರಾಶಿ ಬಿದ್ದಿರ್ತವೆ, ಒಂದು ಟೀ ಕುಡಿಸಿದರೆ ಒಂದಡಿ ತುಂಡು ಕೊಡ್ತಾರೆ. ಮನೆಯಲ್ಲಿ ಅದಕ್ಕಿಂತ ಸಪಾಟಾದ ವಸ್ತು ಮತ್ತೊಂದಿಲ್ಲ.

ಕೋನ ಎಷ್ಟು ಅಂತ ತಲೆ ಕೆಡಿಸಿಕೊಳ್ಳಬೇಡಿ. 25ರಿಂದ 30 ಡಿಗ್ರಿ. ಕೋನಮಾಪಕ ಇಲ್ಲದವರಿಗೆ ಹೈಸ್ಕೂಲಿನ ಸೈನ್ ಟೇಬಲ್ ಸಾಕು. ಇಳಿಜಾರಿನ ಉದ್ದ ಉಳಿಯ ದಪ್ಪದ ಎರಡರಷ್ಟಿದ್ದರೆ ಸರಿಯಾಗಿ 30 ಡಿಗ್ರಿ. ಮೊದಲು ಬೆನ್ನಿನ ಕೊನೆಯ ಒಂದಿಂಚನ್ನ ಕನ್ನಡಿ ಹಾಗೆ ಹೊಳೆಯೋ ತನಕ ಉಜ್ಜಿ. ಇದು ಬೇಜಾರಿನ ಕೆಲಸ, ಹೊಸ ಉಳಿಗೆ ಒಂದು ಸಂಜೆ ಹೋಗತ್ತೆ, ಆದರೆ ಜನ್ಮಕ್ಕೆ ಒಂದೇ ಸಲ. ಆಮೇಲೆ ಇಳಿಜಾರನ್ನ ಉಜ್ಜುತ್ತಾ ಹೋದರೆ ಬೆನ್ನಿನ ಕಡೆ ಬೆರಳಿಗೆ ತಾಗೋ ಹಾಗೆ ಸಣ್ಣ ಅಂಚು ಮಡಚಿಕೊಂಡು ಏಳತ್ತೆ. ಅದು ಉಳಿಯ ಅಗಲಕ್ಕೂ ಎದ್ದ ಮೇಲೆ ಬೆನ್ನಿನ ಮೇಲೆ ಒಂದೆರಡು ಸಲ ಎಳೆದು ತೆಗೆದು, ಹಳೇ ಚರ್ಮದ ಬೆಲ್ಟಿನ ಒಳಮೈ ಮೇಲೆ ಹಿಂದಕ್ಕೆ ಇಪ್ಪತ್ತು ಸಲ ಎಳೆಯಿರಿ. ಪೈನ್ ಕಟ್ಟಿಗೆಯ ತುದಿಯನ್ನ, ಅಂದರೆ ಎಳೆಗೆ ಅಡ್ಡವಾಗಿ ಕತ್ತರಿಸಿದ ಮುಖವನ್ನ, ಕೈಯಿಂದಲೇ ತಳ್ಳಿ ಸವರಿ. ಮೆತ್ತನೆ ಕಟ್ಟಿಗೆ ಪುಡಿಯಾಗದೆ ಮೇಣದ ಹಾಗೆ ಹೊಳೆದರೆ ಆಯಿತು. ಮೆತ್ತನೆ ಕಟ್ಟಿಗೇನೇ ಕಷ್ಟದ ಪರೀಕ್ಷೆ, ತೇಗದಲ್ಲಿ ಅರ್ಧ ಮೊಂಡ ಉಳಿಯೂ ದಾಟಿಕೊಂಡು ಹೋಗತ್ತೆ.

ಗರಗಸಕ್ಕೆ ಇಷ್ಟೆಲ್ಲ ಇಲ್ಲ. ಅಂಗಡಿಯಲ್ಲಿ ಸಿಗೋ ಎಷ್ಟೋ ಗರಗಸಗಳ ಹಲ್ಲಿನ ತುದಿ ಕಪ್ಪು ನೀಲಿ ಇರತ್ತೆ. ಅದನ್ನ ಕರೆಂಟಿನಿಂದ ಗಟ್ಟಿ ಮಾಡಿರ್ತಾರೆ. ಬಹಳ ದಿನ ಹರಿತ ಇರತ್ತೆ, ಆದರೆ ಮೊಂಡಾದ ಮೇಲೆ ಅರ ಹಿಡಿಯಲ್ಲ, ಎಸೆಯಬೇಕು. ಹಲ್ಲು ಬೆಳ್ಳಗಿರೋದನ್ನ ತಗೊಂಡರೆ ಮೂರು ಮೂಲೆ ಅರದಿಂದ ನಾವೇ ಹರಿತ ಮಾಡಬಹುದು. ಹೊಸಬರಿಗೆ ಮೊದಲನೇ ಜಾತಿಯೇ ವಾಸಿ ಅಂತ ನನ್ನ ಅನಿಸಿಕೆ. ಉಳಿ ಮಸೆಯೋದು ಕಲಿಯುವಾಗಲೇ ಗರಗಸಕ್ಕೂ ಅರ ಹಾಕೋಕೆ ಹೋದರೆ ಎರಡೂ ತಲೆಗೆ ಹತ್ತಲ್ಲ. 520 ರೂಪಾಯಿಗೆ ಬಂದದ್ದು ಎರಡು ಮೂರು ವರ್ಷ ಬಂದರೆ ಲಾಭವೇ. ಕೊಳ್ಳುವಾಗ ಹಿಡಿಕೆಯಿಂದ ತುದಿಯ ಕಡೆ ಕಣ್ಣು ಹಾಯಿಸಿ ನೋಡಿ, ತಗಡು ಬಳುಕಿರಬಾರದು.

ಮೂಲೆಮಟ್ಟ 240. ಇದನ್ನೂ ಅಂಗಡಿಯಲ್ಲೇ ಪರೀಕ್ಷಿಸಿ. ನೇರ ಅಂಚಿರೋ ಹಲಗೆಗೆ ತಾಗಿಸಿ ಒಂದು ಗೆರೆ ಎಳೆಯಿರಿ, ಮಗುಚಿ ಹಾಕಿ ಅದೇ ಜಾಗದಲ್ಲಿ ಇನ್ನೊಂದು. ಎರಡೂ ಒಂದರ ಮೇಲೊಂದು ಕೂತರೆ ತಗೊಳ್ಳಿ, ಕವಲೊಡೆದರೆ ಬಿಡಿ. ಅರಕ್ಕೆ 130, ವಾಟರ್ ಪೇಪರಿಗೆ 100. ಕೊಡತಿಗೆ ದುಡ್ಡು ಕೊಡಬೇಡಿ. ನಮ್ಮ ಕಡೆ ಬೇಲಿಗೆ, ಹಳ್ಳದ ದಂಡೆಗೆ ಎಲ್ಲಿ ನೋಡಿದರೂ ಬಳ್ಳಾರಿ ಜಾಲಿ. ಎಲ್ಲರೂ ಬೈಯೋ ಗಿಡ, ಮೂಲ ಅಮೆರಿಕದ್ದು, ನಮ್ಮ ದೇಶಕ್ಕೆ 19ನೇ ಶತಮಾನದ ಕೊನೆಗೆ ಬಂದದ್ದು. ಆದರೆ ಅದರ ಕಟ್ಟಿಗೆ ಬಹಳ ಗಟ್ಟಿ, ಬಣ್ಣ ಚೆಂದ, ಒಣಗಿದ ಮೇಲೆ ಸೊಟ್ಟಗಾಗೋದು ಕಮ್ಮಿ. ಅದೇ ಕುಟುಂಬದ ಮೆಸ್ಕೀಟ್ ಕಟ್ಟಿಗೆಗೆ ಅಮೆರಿಕದ ಟೆಕ್ಸಾಸಿನಲ್ಲಿ ಪೀಠೋಪಕರಣದವರು ಮುಗಿಬೀಳ್ತಾರೆ, ನಾವು ಇದ್ದಿಲು ಮಾಡ್ತೀವಿ. ನನ್ನ ಕೊಡತಿ, ಕಾಲಿಂಚಿನ ಉಳಿಯ ಹಿಡಿಕೆ ಎರಡೂ ಅದರದ್ದೇ.

ಕಟ್ಟಿಗೆಗೆ ಹೊಸಬರು ತೇಗದ ಕಡೆ ತಲೆ ಹಾಕಬೇಡಿ. ಪ್ಯಾಕಿಂಗ್ ಪ್ಯಾಲೆಟ್ ಒಡೆದು ಮಾರೋರ ಹತ್ತಿರ ಪೈನ್ ಹಲಗೆ ಅಗ್ಗಕ್ಕೆ ಸಿಗತ್ತೆ. ಹಡಗಿನಲ್ಲಿ ಬಂದ ಪ್ಯಾಲೆಟ್ ಆದರೆ ಮೇಲೆ ಮುದ್ರೆ ಇರತ್ತೆ. ಎಚ್‌ಟಿ ಅಂತಿದ್ದರೆ ಬಿಸಿ ಮಾಡಿ ಹುಳ ಕೊಂದದ್ದು, ತಗೊಳ್ಳಿ. ಎಂಬಿ ಅಂತಿದ್ದರೆ ಮೀಥೈಲ್ ಬ್ರೋಮೈಡ್ ವಿಷದ ಹೊಗೆ ಕೊಟ್ಟದ್ದು, ಅಜ್ಜಿ ಕೂರೋ ಮಣೆಗೆ ಬೇಡ.

ಇಲ್ಲಿಗೆ 2,020 ರೂಪಾಯಿ. ವಿಡಿಯೋಗಳಲ್ಲಿ ಮೊದಲು ಬೆಂಚ್ ಮಾಡಿಕೊಳ್ಳಿ, ವೈಸ್ ಹಾಕಿಸಿ ಅಂತಾರೆ. ನಮ್ಮ ಬಡಿಗೇರು ನೆಲದ ಮೇಲೆ ಕೂತು ಪಾದದಲ್ಲಿ ಕಟ್ಟಿಗೆ ಒತ್ತಿ ಹಿಡಿದೇ ಊರಿನ ಬಾಗಿಲುಗಳನ್ನೆಲ್ಲ ಮಾಡಿದ್ದು. ನನಗೆ ಅಷ್ಟು ಧೈರ್ಯ ಇಲ್ಲ, ಟೆರೇಸಿನ ಪ್ಯಾರಾಪೆಟ್ಟಿಗೆ ಕಟ್ಟಿಗೆ ಆನಿಸಿ, ಹಗ್ಗ ಬಿಗಿದು ಬೆಣೆ ಹೊಡೀತೀನಿ. ಹತ್ತರಿಯನ್ನ ಈ ಪಟ್ಟಿಯಿಂದ ಬೇಕಂತಲೇ ಹೊರಗಿಟ್ಟೆ. ಮೊದಲ ಕೆಲಸಕ್ಕೆ ಹಲಗೆಯನ್ನ ಸಾಮಿಲ್ಲಿನಲ್ಲೇ ಪ್ಲೇನ್ ಹೊಡೆಸಿಕೊಂಡು ಬಂದರೆ ಸಾಕು.

ಮಣೆಗೆ ಐದು ವಾರಾಂತ್ಯ ಹಿಡೀತು. ಎರಡು ಅಡ್ಡ ಹಲಗೆಗಳ ತುದಿಯಲ್ಲಿ ಎರಡೆರಡು ನಾಲಿಗೆ, ಮೇಲಿನ ಹಲಗೆಯಲ್ಲಿ ನಾಲ್ಕು ತೂತು, ನಾಲಿಗೆ ತೂತಿನಿಂದ ಮೇಲೆ ಬಂದ ಮೇಲೆ ಸೀಳಿ ಬೆಣೆ. ಒಂದೂ ಮೊಳೆ ಇಲ್ಲ. ಅಜ್ಜಿ ಕೂತು ನೋಡಿದಳು, ಎದ್ದಳು, ಮತ್ತೆ ಕೂತಳು. "ಹ್ಞೂಂ" ಅಂದಳು. ಆವತ್ತು ಸಂಜೆ ಎಂಟು ರೊಟ್ಟಿ ಬಡಿದಳು.

ಮಾರನೇ ದಿನ ಅವಳನ್ನ ಒಪ್ಪಿಸಿ ಮಣೆಯನ್ನ ಬಡಿಗೇರ ಅಜ್ಜನ ಹತ್ತಿರ ಒಯ್ದೆ. ಅವರು ಅದನ್ನ ಹಾಸುಗಲ್ಲಿನ ಮೇಲಿಟ್ಟು ಎದುರಾ ಬದುರಾ ಮೂಲೆ ಒತ್ತಿದರು, ಅಲುಗಾಡಲಿಲ್ಲ. ಮಗುಚಿದರು. ಸಂದಿನಲ್ಲಿ ಉಗುರು ಆಡಿಸಿದರು. ನಾನು ಪ್ರೊಡಕ್ಷನ್ ರಿಲೀಸ್ ದಿನ ನಿಲ್ಲೋ ಹಾಗೆ ನಿಂತಿದ್ದೆ. ಚಲೋ ಆಗೇತಿ ಅಂತಲೂ ಇಲ್ಲ, ಇಲ್ಲ ಅಂತಲೂ ಇಲ್ಲ. ಮಣೆಯನ್ನ ಬದಿಗೆ ಸರಿಸಿ, "ಉಳಿ ತಂದೀಯೇನು?" ಅಂದರು.

ಚೀಲದಲ್ಲಿತ್ತು, ಕೊಟ್ಟೆ. ಅಂಚನ್ನ ಹೆಬ್ಬೆರಳಿನ ಉಗುರ ಮೇಲೆ ಓರೆಯಾಗಿ, ಒತ್ತದೆ, ಸುಮ್ಮನೆ ಇಟ್ಟರು. ಹರಿತ ಇಲ್ಲದಿದ್ದರೆ ಉಗುರ ಮೇಲೆ ಜಾರತ್ತೆ. ಜಾರಲಿಲ್ಲ, ಅಲ್ಲೇ ಕಚ್ಚಿ ನಿಂತಿತು. ಬೆನ್ನು ತಿರುಗಿಸಿ ತಮ್ಮ ಮುಖ ನೋಡಿಕೊಂಡರು, ಹೊಳಪು ಪರೀಕ್ಷೆಯೋ ಮೀಸೆ ನೋಡಿಕೊಂಡರೋ ಗೊತ್ತಾಗಲಿಲ್ಲ. ಒಳಗೆ ಹೋಗಿ ಪೆಟ್ಟಿಗೆಯಿಂದ ಚಿಕ್ಕ ಹತ್ತರಿ ತಂದು ಮಣೆಯ ಮೇಲಿಟ್ಟರು.

"ನಾನೂರು ಕೊಡು."

ಒಂದು ಕ್ಷಣ ನಾನು ಏನೂ ಹೇಳಲಿಲ್ಲ. ಅದನ್ನ ಚೌಕಾಶಿ ಅಂದುಕೊಂಡರೋ ಏನೋ, "ಪುಕ್ಕಟ ಕೊಟ್ರ ತುಕ್ಕು ಹಿಡಸ್ತಿ ತಮ್ಮಾ. ರೊಕ್ಕ ಕೊಟ್ಟಿದ್ದು ಅಂದ್ರ ವರಸ್ತಿ" ಅಂದರು. ಕೊಟ್ಟೆ. ಈಗ ಒಟ್ಟು 2,420.

ಆ ಹತ್ತರಿ ಹಳೇ ಕಾಲದ್ದು. ಮರದ ಮೈ, ಓರೆಯಾಗಿ ಕೂರೋ ಅಲಗು, ಅದನ್ನ ಹಿಡಿದಿಡೋಕೆ ಒಂದು ಬೆಣೆ. ತಿರುಪು ಗಿರುಪು ಏನೂ ಇಲ್ಲ. ಅಲಗು ಮುಂದೆ ಬರಬೇಕಾದರೆ ಅದರ ತಲೆಗೆ ಮೆಲ್ಲಗೆ ಒಂದು ಏಟು, ಹಿಂದೆ ಹೋಗಬೇಕಾದರೆ ಹತ್ತರಿಯ ಬೆನ್ನಿಗೆ ಒಂದು ಏಟು. ಅಂಗಡಿಯಲ್ಲಿ ರಂದಾ ಅಂತ ಕೇಳಿದರೆ ತೋರಿಸೋ ಕಬ್ಬಿಣದ್ದು ಬೇರೆ ಜಾತಿ. ಅದರ ಮೂಲ ವಿನ್ಯಾಸ ಅಮೆರಿಕದ ಲೆನಾರ್ಡ್ ಬೈಲಿಯದು. ಸ್ಟಾನ್ಲಿ ಕಂಪನಿ 1869ರಲ್ಲಿ ಅವನಿಂದ ಕೊಂಡದ್ದು, ಇವತ್ತಿಗೂ ಹೆಚ್ಚು ಕಮ್ಮಿ ಅದೇ ವಿನ್ಯಾಸ. ಕಬ್ಬಿಣದ್ದೇ ಬೇಕು ಅನ್ನೋರು ತಳಕ್ಕೆ ಸ್ಕೇಲ್ ನಿಲ್ಲಿಸಿ ಬೆಳಕಿಗೆ ಹಿಡಿದು ನೋಡಿ. ಮುಂದಿನ ತುದಿ, ಅಲಗಿನ ಬಾಯಿಯ ಮುಂದಿನ ಅಂಚು, ಹಿಂದಿನ ತುದಿ ಈ ಮೂರೂ ಒಂದೇ ಮಟ್ಟದಲ್ಲಿದ್ದರೆ ಸಾಕು, ನಡುವೆ ತಗ್ಗಿದ್ದರೆ ತೊಂದರೆ ಇಲ್ಲ. ಅಗ್ಗದ್ದರಲ್ಲಿ ಬಾಯಿಯ ಹತ್ತಿರವೇ ತಗ್ಗಿರತ್ತೆ, ಆಗ ಗ್ರಾನೈಟ್ ತುಂಡಿನ ಮೇಲೆ ಒರಟು ಪೇಪರ್ ಹಾಕಿ ಎರಡು ಸಂಜೆ ಉಜ್ಜಬೇಕು. ಮರದ್ದಕ್ಕೂ ಅದೇ ಪರೀಕ್ಷೆ, ಆದರೆ ಹತ್ತು ನಿಮಿಷದಲ್ಲಿ ಸರಿ ಹೋಗತ್ತೆ. ಹಳೇದು ಸಿಕ್ಕರೆ ಅಲಗಿನ ಉದ್ದ ನೋಡಿ, ಎರಡಿಂಚಾದರೂ ಉಕ್ಕು ಉಳಿದಿರಬೇಕು, ತುಕ್ಕು ಗುಳಿ ಬೆನ್ನಿನ ಅಂಚಿನ ತನಕ ಬಂದಿರಬಾರದು. ಮೇಲಿನ ತುಕ್ಕಿಗೆ ಹೆದರಬೇಡಿ, ಒಂದು ರಾತ್ರಿ ವಿನೆಗರಿನಲ್ಲಿ ನೆನೆಸಿ ಉಜ್ಜಿ, ಸೋಡಾ ನೀರಲ್ಲಿ ತೊಳೆದು, ಒಣಗಿಸಿ ಎಣ್ಣೆ ಹಚ್ಚಿದರೆ ಹೋಗತ್ತೆ.

ಇದರ ಅಲಗಿನ ತುದಿಗೆ ಒಳ್ಳೇ ಉಕ್ಕು, ಮೇಲ್ಭಾಗಕ್ಕೆ ಮೆತ್ತನೆ ಕಬ್ಬಿಣ ಸೇರಿಸಿ ಬಡಿದಿದ್ದಾರೆ, ಮಸೆದಾಗ ಎರಡರ ನಡುವಿನ ಗೆರೆ ಕಾಣತ್ತೆ. ಯಾರು ಬಡಿದದ್ದು ಅಂತ ಕೇಳಿದೆ. "ನಮ್ಮಪ್ಪ ಮಾಡಿಸಿದ್ದು. ಕಮ್ಮಾರ ಯಾರೋ ಏನೋ" ಅಂದರು.

ಪೆಟ್ಟಿಗೆ ಈಗ ಪಡಸಾಲೆಯಿಂದ ಒಳಗೆ ಹೋಗಿದೆ. ಗುಜರಿಯವನು ಮತ್ತೆ ಬಂದಿದ್ದನಂತೆ, ಇಲ್ಲ ಅಂತ ಕಳಿಸಿದರಂತೆ. ನನಗೆ ಬಾಚಿಯ ಮೇಲೆ ಕಣ್ಣಿದೆ. ಅದನ್ನ ಎರಡೂ ಪಾದದ ನಡುವೆ ಕಟ್ಟಿಗೆ ಹಿಡಿದು, ತನ್ನ ಕಾಲಿನ ಕಡೆಗೇ ಬೀಸಬೇಕು. ಅಗ್ಗವೋ ದುಬಾರಿಯೋ, ಹೊಸಬರು ಕೊಳ್ಳಬಾರದ ಸಾಮಾನು ಅದೊಂದೇ. ಕೇಳಿದ್ದಕ್ಕೆ ಅಜ್ಜ ಹೇಳಿದ್ದು: "ಖಂಡೇಪೂಜಿಗೆ ಬಾ. ಎರಡು ದಿನ ಇಲ್ಲೇ ಕುಂದ್ರು. ಕಾಲು ಉಳಿಸಿಕಂಡ್ರ ಆಮ್ಯಾಲ ರೇಟು ಮಾತಾಡೂಣು."

ರಜೆ ಹಾಕಿದ್ದೀನಿ. ಮ್ಯಾನೇಜರ್ ಇನ್ನೂ ಅಪ್ರೂವ್ ಮಾಡಿಲ್ಲ.